ಮಹಾಮಾರಿಯ ಕಾಲದಲ್ಲಿ ಮಗುವಿನ ಮೈಯಲ್ಲಿ ಕೀವಾದರೆ

ಪ್ರಶ್ನೆ: ನಾನು ಚಿಂಚೋಳಿ ತಾಲೂಕಿನ ಒಂದು ಪ್ರಾಥಮಿಕ ಶಾಲೆಯ ಶಿಕ್ಷಕ. 2021ರ ಮೇ ತಿಂಗಳಲ್ಲಿ ನಮ್ಮ ಅಕ್ಕನ ಮಗನಿಗೆ ಹೊಟ್ಟೆನೋವು ಶುರುವಾಯಿತು. ಆಗ ಅವನಿಗೆ 9 ವರ್ಷ. ಮೊದಲ ದಿನ ಊರಲ್ಲೇ ಇಂಜೆಕ್ಷನ್ ಹಾಕಿಸಿದರು. ಮರುದಿನ ತಾಲೂಕು ಆಸ್ಪತ್ರೆ, ಅಲ್ಲಿಂದ ಕಲಬುರಗಿ. ಒಂದು ಕಡೆ ಬೆಡ್ ಇಲ್ಲ ಅಂದರು, ಇನ್ನೊಂದು ಕಡೆ ಕೋವಿಡ್ ರಿಪೋರ್ಟ್ ಬರಲಿ ಅಂದರು. ಆಪರೇಷನ್ ಆಗುವಷ್ಟರಲ್ಲಿ ಮೂರನೆಯ ದಿನ ರಾತ್ರಿಯಾಗಿತ್ತು. ಅಪೆಂಡಿಕ್ಸ್ ಒಡೆದು ಹೊಟ್ಟೆ ತುಂಬ ಕೀವು. ಅದೇ ತಿಂಗಳು ಪಕ್ಕದ ಊರಿನ ಹುಡುಗಿಗೆ ಇದೇ ಕಾಯಿಲೆ ಬರೀ ಸಲೈನ್, ಇಂಜೆಕ್ಷನ್‌ನಲ್ಲಿ ವಾಸಿಯಾಯಿತು. ರಿಪೋರ್ಟ್‌ಗಾಗಿ ಕಾಯಿಸಿದ್ದು ಸರಿಯೇ? ಹುಡುಗನಿಗೆ ಆಪರೇಷನ್ ಬೇಕಾಗಿಯೇ ಇರಲಿಲ್ಲವೇ? ಮುಂದೆ ಇಂಥ ರೋಗ ಮತ್ತೆ ಹಬ್ಬಿದಾಗ ಮಕ್ಕಳಿಗೆ ಕೀವಿನ ಕಾಯಿಲೆಯಾದರೆ ನಾವು ಏನು ನೋಡಬೇಕು, ಏನು ಕೇಳಬೇಕು?

ಉತ್ತರ: ಕಾಯಿಸಿದ್ದು ಸರಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಮೇ 18ರಂದೇ ಹೊರಡಿಸಿದ ಸೂಚನೆಯಲ್ಲಿ ಇದು ಸ್ಪಷ್ಟವಾಗಿತ್ತು: ಕೋವಿಡ್ ಪರೀಕ್ಷೆ ಆಗಿಲ್ಲ ಎಂಬ ಕಾರಣಕ್ಕೆ ಹೆರಿಗೆಯೂ ಸೇರಿದಂತೆ ಯಾವ ತುರ್ತು ಚಿಕಿತ್ಸೆಯನ್ನೂ ತಡಮಾಡಬಾರದು, ಅಗತ್ಯವಿದ್ದರೆ ಸ್ಯಾಂಪಲ್ ಜೊತೆಜೊತೆಗೇ ಕಳಿಸಬಹುದು. ನಿಮ್ಮ ಸೋದರಳಿಯನಿಗೆ ನೋವು ಬಂದದ್ದು ಅದಾಗಿ ಒಂದು ವರ್ಷಕ್ಕೆ. ನಿಯಮ ಇತ್ತು, ಆಸ್ಪತ್ರೆಯ ಗೇಟಿನವರೆಗೆ ಅದು ತಲುಪಿರಲಿಲ್ಲ. ಬೆಡ್ ಇಲ್ಲವೆಂದು ತುರ್ತು ರೋಗಿಯನ್ನು ಸರ್ಕಾರಿ ಆಸ್ಪತ್ರೆಗಳು ಒಂದರಿಂದ ಇನ್ನೊಂದಕ್ಕೆ ಅಟ್ಟುವುದು ಬದುಕುವ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ತೀರ್ಪು ಕೊಟ್ಟಿದೆ.

ಹಾಗೆಂದು ಮೂರು ದಿನದ ತಡವನ್ನೆಲ್ಲ ಆ ಒಂದು ರಿಪೋರ್ಟ್‌ನ ಲೆಕ್ಕಕ್ಕೆ ಹಾಕುವುದೂ ನ್ಯಾಯವಲ್ಲ. ಮಕ್ಕಳ ಅಪೆಂಡಿಕ್ಸ್ ಒಡೆಯುವ ಸಂಭವ ನೋವು ಶುರುವಾದ 36ರಿಂದ 48 ಗಂಟೆಗಳ ನಂತರ ಬೇಗ ಏರುತ್ತದೆ. ಅದರಲ್ಲಿ ಮೊದಲ 24 ಗಂಟೆ ಊರಿನ ಇಂಜೆಕ್ಷನ್‌ನಲ್ಲೇ ಹೋಗಿದೆ. ಇನ್ನರ್ಧ ದಿನ ರಸ್ತೆಯಲ್ಲಿ. ಉಳಿದದ್ದು ಗೇಟಿನಲ್ಲಿ. ಮಹಾಮಾರಿಯ ಕಾಲದಲ್ಲಿ ಮಕ್ಕಳ ಕೀವಿನ ಕಾಯಿಲೆ ಕೆಟ್ಟದ್ದು ಬಹುಪಾಲು ಹೀಗೆಯೇ. ವೈರಸ್ಸು ಮಗುವಿನ ಅಪೆಂಡಿಕ್ಸನ್ನಾಗಲೀ ಕೀಲನ್ನಾಗಲೀ ಕೆಡಿಸಲಿಲ್ಲ. ಓಟಿ ಟೇಬಲ್ ಮುಟ್ಟುವ ಮೊದಲಿನ ಗಂಟೆಗಳು ಬೆಳೆದವು, ಅಷ್ಟೇ.

ಹಾಗೆ ಬೆಳೆಯಲು ನಮ್ಮ ಭಾಗದಲ್ಲಿ ಎರಡು ಕಾರಣಗಳು ವಿಶೇಷವಾಗಿ ಕೆಲಸ ಮಾಡಿದವು. ಬೀದರ್, ಔರಾದ್, ಚಿಂಚೋಳಿಯ ಜನ ದೊಡ್ಡ ಕಾಯಿಲೆ ಎಂದರೆ ಹೈದರಾಬಾದ್ ದಾರಿ ಹಿಡಿಯುವವರು. ಆಳಂದ, ಅಫಜಲಪುರದವರಿಗೆ ಸೋಲಾಪುರ ಹತ್ತಿರ. ರಾಜ್ಯದ ಗಡಿಗಳಲ್ಲಿ ಚೆಕ್‌ಪೋಸ್ಟ್ ಬಿದ್ದ ದಿನ ಆ ಎರಡೂ ದಾರಿಗಳು ಇಕ್ಕಟ್ಟಾದವು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯದ್ದೇ ಆದ್ದರಿಂದ ಇಲ್ಲಿ ಭಯವೂ ಉಳಿದ ಕಡೆಗಿಂತ ಮೊದಲೇ ಹೊಕ್ಕಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಮುಂಬೈ, ಪುಣೆಯಿಂದ ದುಡಿಯುವ ಕುಟುಂಬಗಳು ಯಾದಗಿರಿ, ಕಲಬುರಗಿ ಜಿಲ್ಲೆಗಳಿಗೆ ಮರಳಿ ಶಾಲೆ, ಹಾಸ್ಟೆಲುಗಳ ಕ್ವಾರಂಟೈನ್‌ನಲ್ಲಿ ಕೂತಾಗ, ಮಗು ಹೊಟ್ಟೆ ಹಿಡಿದು ಅತ್ತರೂ ಹೊರಗೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಕೆಲಸ ವೈದ್ಯರಲ್ಲದವರ ಕೈಗೆ ಬಿತ್ತು.

ಇನ್ನೊಂದು ಅಡ್ಡಿ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಎರಡನೇ ಅಲೆಯಲ್ಲಿ ಸರ್ಜನ್ ಸಿಗುತ್ತಿದ್ದರು. ಸಿಗದಿದ್ದವರು ಅರಿವಳಿಕೆ ವೈದ್ಯರು. ವೆಂಟಿಲೇಟರ್ ನೋಡಿಕೊಳ್ಳುವುದು ಬಲ್ಲವರು ಅವರೇ ಆದ್ದರಿಂದ ಅವರನ್ನು ಕೋವಿಡ್ ಐಸಿಯುಗೆ ಎಳೆದುಕೊಳ್ಳಲಾಗಿತ್ತು. ಜೊತೆಗೆ ಆಕ್ಸಿಜನ್ ಅಭಾವ. ‘ಬೆಡ್ ಇಲ್ಲ’ ಎಂಬ ಮಾತಿನ ಹಿಂದೆ ಅನೇಕ ಸಲ ಇದ್ದದ್ದು ‘ಮಗುವಿಗೆ ಅರಿವಳಿಕೆ ಕೊಡುವವರು ಇಲ್ಲ’ ಎಂಬುದು. ಆದ್ದರಿಂದ ಫೋನಿನಲ್ಲಿ ವಿಚಾರಿಸುವಾಗ ಬೆಡ್ ಇದೆಯೇ ಎಂದು ಕೇಳಿ ಸುಮ್ಮನಾಗಬೇಡಿ. ‘ಇಷ್ಟು ವರ್ಷದ ಮಗುವಿಗೆ ಅರಿವಳಿಕೆ ಕೊಡುವ ಡಾಕ್ಟರು ಈಗ ಇದ್ದಾರೆಯೇ’ ಎಂದು ಕೇಳಿ.

ಅಪೆಂಡಿಕ್ಸ್: ಯಾರಿಗೆ ಇಂಜೆಕ್ಷನ್ ಸಾಕು, ಯಾರಿಗೆ ಸಾಲದು

ನಿಮ್ಮ ಎರಡನೇ ಪ್ರಶ್ನೆ ಇಲ್ಲಿಗೆ ಬರುತ್ತದೆ. ಆಪರೇಷನ್ ಇಲ್ಲದೆ ಆಂಟಿಬಯಾಟಿಕ್ ಮಾತ್ರದಿಂದ ಅಪೆಂಡಿಕ್ಸ್ ಬಾವು ಇಳಿಸುವುದು ಕೋವಿಡ್‌ಗಾಗಿ ಹುಟ್ಟಿದ ಉಪಾಯವಲ್ಲ. ಅದಕ್ಕೂ ಮೊದಲೇ ಅಧ್ಯಯನಗಳು ನಡೆದಿದ್ದವು. ಬ್ರಿಟನ್ನಿನ ಶಸ್ತ್ರಚಿಕಿತ್ಸಾ ಕಾಲೇಜುಗಳು 2020ರ ಮಾರ್ಚ್‌ನಲ್ಲಿ, ಸಾಧ್ಯವಾದಲ್ಲಿ ಔಷಧದಿಂದಲೇ ನೋಡಿ, ಇಲ್ಲವಾದರೆ ಹೊಟ್ಟೆ ತೆರೆದು ಮಾಡಿ, ದುರ್ಬೀನು (ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್) ಕಡಿಮೆ ಬಳಸಿ ಎಂದು ಸೂಚಿಸಿದ ಮೇಲೆ ಈ ಪದ್ಧತಿ ಹಠಾತ್ತನೆ ವ್ಯಾಪಕವಾಯಿತು. ಓಟಿ ಸಿಗದ ಕಾಲದಲ್ಲಿ ಅದು ಬಹಳ ಮಕ್ಕಳಿಗೆ ಉಪಕಾರವನ್ನೇ ಮಾಡಿತು. ಆದರೆ ಅದು ಎಲ್ಲರಿಗೂ ಅಲ್ಲ.

2020ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನ ಮಕ್ಕಳನ್ನು ಆರಿಸಿಕೊಂಡ ಅಳತೆಗಳೇ ಇವತ್ತಿಗೂ ಕೆಲಸಕ್ಕೆ ಬರುತ್ತವೆ. ವಯಸ್ಸು 7ರಿಂದ 17. ನೋವು ಶುರುವಾಗಿ 48 ಗಂಟೆ ದಾಟಿರಬಾರದು. ರಕ್ತದ ಬಿಳಿಕಣ 5 ಸಾವಿರದಿಂದ 18 ಸಾವಿರದ ಒಳಗೆ. ಸ್ಕ್ಯಾನಿಂಗ್‌ನಲ್ಲಿ ಅಪೆಂಡಿಕ್ಸ್ ದಪ್ಪ 1.1 ಸೆಂಟಿಮೀಟರ್ ಮೀರಿರಬಾರದು. ಒಳಗೆ ಮಲ ಗಟ್ಟಿಯಾದ ಹರಳು ಇರಬಾರದು. ಸುತ್ತ ಕೀವಿನ ಗಡ್ಡೆ ಇರಬಾರದು. ಇಷ್ಟೂ ಸರಿಯಿದ್ದವರಿಗೆ ಕನಿಷ್ಠ 24 ಗಂಟೆ ರಕ್ತನಾಳದ ಮೂಲಕ ಆಂಟಿಬಯಾಟಿಕ್, ಆಮೇಲೆ ಬಾಯಿಯ ಔಷಧ, ಒಟ್ಟು 7 ದಿನ. ಹಾಗೆ ಆರಿಸಿದವರಲ್ಲೂ ಒಂದು ವರ್ಷದೊಳಗೆ ಶೇಕಡಾ 67ರಷ್ಟು ಮಕ್ಕಳು ಮಾತ್ರ ಆಪರೇಷನ್ನಿನಿಂದ ಪಾರಾದರು. 2025ರಲ್ಲಿ ಹೊರಬಂದ ಹಲವು ದೇಶಗಳ ಪ್ರಯೋಗದಲ್ಲೂ ಔಷಧದ ಗುಂಪಿನಲ್ಲಿ ಶೇಕಡಾ 34ರಷ್ಟು ಮಕ್ಕಳಿಗೆ ಚಿಕಿತ್ಸೆ ವಿಫಲವಾಯಿತು. ಎರಡೂ ಲೆಕ್ಕ ಒಂದೇ ಮಾತು ಹೇಳುತ್ತವೆ: ಮೂವರಲ್ಲಿ ಒಬ್ಬರಿಗೆ ಕಾಯಿಲೆ ಮರಳುತ್ತದೆ ಅಥವಾ ಇಳಿಯುವುದೇ ಇಲ್ಲ. ಹರಳು ಇದ್ದವರಲ್ಲಿ ವೈಫಲ್ಯ ಇನ್ನೂ ಹೆಚ್ಚು. ಏಕೆಂದರೆ ಅಪೆಂಡಿಕ್ಸಿನ ಬಾಯಿ ಮುಚ್ಚಿರುವಾಗ ಒಳಗಿನ ಒತ್ತಡ ಇಳಿಯುವುದಿಲ್ಲ, ರಕ್ತಸಂಚಾರ ನಿಂತ ಗೋಡೆಗೆ ಔಷಧ ತಲುಪುವುದೂ ಇಲ್ಲ.

ಪಕ್ಕದ ಊರಿನ ಹುಡುಗಿ ಬಹುಶಃ ಬೇಗ ಬಂದವಳು. ಅವಳ ಮನೆಯವರು ಆಗಿನ ಸ್ಕ್ಯಾನಿಂಗ್ ರಿಪೋರ್ಟ್ ಎಸೆಯಬಾರದು. ಮತ್ತೆ ಬಲಗಡೆ ನೋವು, ವಾಂತಿ ಬಂದರೆ ‘ಹಿಂದೆ ಇಂಜೆಕ್ಷನ್‌ನಲ್ಲಿ ಹೋಗಿತ್ತು’ ಎಂದು ಮನೆಯಲ್ಲಿ ಕಾಯಬಾರದು. ನಿಮ್ಮ ಸೋದರಳಿಯನ ವಿಷಯ ಬೇರೆ. ಒಡೆದು ಹೊಟ್ಟೆಯೆಲ್ಲ ಕೀವಾದ ಮೇಲೆ ಆಪರೇಷನ್ ಅನಿವಾರ್ಯವೇ ಆಗಿತ್ತು. ಒಡೆದದ್ದು ಒಂದೇ ಕಡೆ ಗಡ್ಡೆಗಟ್ಟಿ, ಮಗು ಸ್ಥಿರವಾಗಿದ್ದರೆ ಮಾತ್ರ ಆಂಟಿಬಯಾಟಿಕ್ ಕೊಟ್ಟು, ಗಡ್ಡೆ ದೊಡ್ಡದಿದ್ದರೆ ಸ್ಕ್ಯಾನಿಂಗ್ ನೋಡುತ್ತ ಕೊಳವೆ ಇಟ್ಟು ಕೀವು ಹೊರಹಾಕಿ, 6ರಿಂದ 8 ವಾರದ ಮೇಲೆ ಅಪೆಂಡಿಕ್ಸ್ ತೆಗೆಯುವ ದಾರಿ ಉಂಟು. ಅವನಿಗೆ ಈಗ ಒಂದು ಎಚ್ಚರಿಕೆ ಸಾಕು: ಕೀವಾದ ಹೊಟ್ಟೆಯಲ್ಲಿ ಕರುಳು ಒಂದಕ್ಕೊಂದು ಅಂಟುವುದುಂಟು, ವರ್ಷಗಳ ಮೇಲೂ. ಹಸಿರು ವಾಂತಿ, ಹೊಟ್ಟೆ ಉಬ್ಬರ, ಗಾಳಿ ಹೋಗದಿರುವುದು ಇವು ಕೂಡಿ ಬಂದರೆ ಅದು ಗ್ಯಾಸ್ಟ್ರಿಕ್ ಅಲ್ಲ, ಸರ್ಜನ್ ನೋಡಬೇಕಾದ ಕರುಳಿನ ಅಡಚಣೆ.

ಮನೆಯಲ್ಲಿ ಗುರುತಿಸುವ ಬಗೆ. ನೋವು ಹೊಕ್ಕುಳ ಸುತ್ತ ಶುರುವಾಗಿ ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಕ್ಕೆ ಇಳಿಯುತ್ತದೆ. ಮೊದಲು ನೋವು, ಆಮೇಲೆ ವಾಂತಿ. ವಾಂತಿ ಭೇದಿಯ ಕಾಯಿಲೆಯಲ್ಲಿ ಸಾಮಾನ್ಯವಾಗಿ ಇದು ಹಿಂದುಮುಂದು. ಮಗುವಿಗೆ ‘ಜಿಗಿ’ ಅನ್ನಿ. ಹೊಟ್ಟೆ ಹಿಡಿದು ನಿಂತುಬಿಟ್ಟರೆ, ಟಂಟಂ ಆಟೊ ಹಂಪ್ ಹಾರಿದಾಗ ಚೀರಿದರೆ, ಹೊಟ್ಟೆಯ ಒಳಪೊರೆಗೆ ಉರಿ ತಗಲಿದೆ ಎಂದರ್ಥ. 5 ವರ್ಷದ ಒಳಗಿನ ಮಕ್ಕಳು ಹೀಗೆ ತೋರಿಸಿ ಹೇಳುವುದಿಲ್ಲ. ಸುಮ್ಮನೆ ಮುದುರಿ ಮಲಗುತ್ತಾರೆ, ಭೇದಿಯೂ ಆಗಬಹುದು, ಹಾಗಾಗಿ ಅವರಲ್ಲಿ ಹೆಚ್ಚಿನವರ ಅಪೆಂಡಿಕ್ಸ್ ಪತ್ತೆಯಾಗುವುದು ಒಡೆದ ಮೇಲೆಯೇ. ಗಂಡುಮಗುವಾದರೆ ಚಡ್ಡಿ ಬಿಚ್ಚಿ ವೃಷಣ ನೋಡದೆ ಹೊಟ್ಟೆಯ ಪರೀಕ್ಷೆ ಮುಗಿಯಿತು ಎನ್ನುವ ಹಾಗಿಲ್ಲ. ವೃಷಣ ತಿರುಚಿಕೊಂಡರೂ ಮಗು ತೋರಿಸುವುದು ಹೊಟ್ಟೆಯನ್ನೇ, ಅದನ್ನು ಉಳಿಸಿಕೊಳ್ಳಲು ಇರುವುದು ಸುಮಾರು 6 ಗಂಟೆ. ಫೋನ್ ಸಮಾಲೋಚನೆಯಲ್ಲಿ ಇದೇ ತಪ್ಪಿಹೋಗುವುದು.

ಮಾಡಬಾರದ್ದು: ಹೊಕ್ಕುಳ ಸರಿದಿದೆ ಎಂದು ಹೊಟ್ಟೆ ತಿಕ್ಕಿಸುವುದು, ಬರೆ ಹಾಕಿಸುವುದು, ಹರಳೆಣ್ಣೆ ಕುಡಿಸುವುದು, ಎನಿಮಾ ಕೊಡುವುದು. ನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದು. ಅದು ಅಪೆಂಡಿಕ್ಸನ್ನು ಮುಚ್ಚಿಡುತ್ತದೆ ಎಂಬುದು ಹಳೆಯ ಭಯ. ಒಂದು ಕಿಲೋ ತೂಕಕ್ಕೆ 15 ಮಿಲಿಗ್ರಾಂ, 6 ಗಂಟೆಗೊಮ್ಮೆ. 20 ಕಿಲೋ ಮಗುವಿಗೆ 300 ಮಿಲಿಗ್ರಾಂ: 5 ಮಿಲಿಯಲ್ಲಿ 125 ಇರುವ ಸಿರಪ್ ಆದರೆ 12 ಮಿಲಿ, 250 ಇರುವುದಾದರೆ 6 ಮಿಲಿ. ಬಾಟಲಿಯ ಮೇಲಿನ ಈ ಸಂಖ್ಯೆ ಓದದೆ ‘ಒಂದು ಮುಚ್ಚಳ’ ಎಂದು ಕೊಡುವುದರಿಂದಲೇ ಅರ್ಧ ಡೋಸೂ ಇಮ್ಮಡಿ ಡೋಸೂ ಆಗುವುದು. ಮುಚ್ಚಿಡುವ ಔಷಧ ಬೇರೆ ಇದೆ: ಎರಡನೇ ಅಲೆಯಲ್ಲಿ ಜ್ವರಕ್ಕೆಲ್ಲ ಹಂಚಿದ ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್. ಅದು ಜ್ವರ ಇಳಿಸುತ್ತದೆ, ಮಗು ಲವಲವಿಕೆಯಿಂದ ಕಾಣುತ್ತದೆ, ಒಳಗೆ ಕೀವು ಬೆಳೆಯುತ್ತಲೇ ಇರುತ್ತದೆ. ಊರಿನಲ್ಲಿ ಕೊಟ್ಟ ಇಂಜೆಕ್ಷನ್ ಯಾವುದು ಎಂದು ಬರೆಸಿಕೊಳ್ಳದೆ ಹೊರಡಬೇಡಿ.

ಇಲ್ಲಿ ತಾಲೂಕಿನ ವೈದ್ಯರಿಗೂ ಒಂದು ಮಾತು. ಅಪೆಂಡಿಕ್ಸ್ ಒಡೆದಿದೆ ಎಂದು ಅನುಮಾನ ಬಂದ ಮಗುವನ್ನು ಬರಿಗೈಯಲ್ಲಿ ರೆಫರ್ ಮಾಡಬೇಡಿ. 25 ಕಿಲೋ ಮಗುವಾದರೆ ಕಿಲೋಗೆ 20 ಮಿಲಿಯಂತೆ 500 ಮಿಲಿ ನಾರ್ಮಲ್ ಸಲೈನ್. ನಮ್ಮ ಮೇ ತಿಂಗಳ ಬಿಸಿಲಲ್ಲಿ ಎರಡು ದಿನ ವಾಂತಿ ಮಾಡಿದ ಮಗುವಿಗೆ ಇದು ಹೆಚ್ಚಲ್ಲ, ಆದರೆ ಅರ್ಧ ಹೋದ ಮೇಲೆ ನಾಡಿ, ಉಸಿರು ಇನ್ನೊಮ್ಮೆ ನೋಡಿ. ಸೆಫ್‌ಟ್ರಯಾಕ್ಸೋನ್ ಕಿಲೋಗೆ 50 ಮಿಲಿಗ್ರಾಂ, ಅಂದರೆ ಸುಮಾರು 1.25 ಗ್ರಾಂ. ಮೆಟ್ರೋನಿಡಜೋಲ್ ಕಿಲೋಗೆ 7.5 ಮಿಲಿಗ್ರಾಂ, ಅಂದರೆ 100 ಮಿಲಿ ಬಾಟಲಿಯಿಂದ 37 ಮಿಲಿಯಷ್ಟು. ಸೆಫ್‌ಟ್ರಯಾಕ್ಸೋನ್ ಕೊಡುವ ನಳಿಗೆಯಲ್ಲಿ ಅದೇ ಹೊತ್ತಿಗೆ ರಿಂಗರ್ ಲ್ಯಾಕ್ಟೇಟ್ ಹರಿಸಬಾರದು. ಅದರ ಕ್ಯಾಲ್ಸಿಯಂ ಔಷಧದೊಂದಿಗೆ ಕೂಡಿ ಕಣವಾಗುತ್ತದೆ. ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಬರೆಯಿರಿ. ಚಿಂಚೋಳಿಯಿಂದ ಕಲಬುರಗಿಗೆ ಹೋಗುವ ಎರಡು ಗಂಟೆ ಆಗ ದಂಡವಾಗುವುದಿಲ್ಲ, ಚಿಕಿತ್ಸೆ ದಾರಿಯಲ್ಲೇ ನಡೆದಿರುತ್ತದೆ. ಹೈದರಾಬಾದಿಗೇ ಹೋಗುತ್ತೇವೆ ಎನ್ನುವವರಿಗೂ ಮೊದಲ ಡೋಸು ಇಲ್ಲೇ ಆಗಲಿ.

ಅಪೆಂಡಿಕ್ಸಿನಂತೆ ಕಂಡು ಅಪೆಂಡಿಕ್ಸ್ ಅಲ್ಲದ್ದು

ಕೋವಿಡ್ ಮಕ್ಕಳಿಗೆ ತಂದ ನಿಜವಾದ ಹೊಸ ತೊಡಕು ಇದು. ಸೋಂಕು ಆಗಿ, ಅನೇಕ ಸಲ ಯಾರಿಗೂ ಗೊತ್ತಾಗದೆ ಹೋಗಿ, 2ರಿಂದ 6 ವಾರದ ನಂತರ ಮಗುವಿನ ಮೈಯ ರಕ್ಷಣಾ ವ್ಯವಸ್ಥೆಯೇ ಕೆರಳಿ ಹಲವು ಅಂಗಗಳಿಗೆ ಉರಿಯೂತ ತರುವ ಕಾಯಿಲೆ. ವೈದ್ಯರು ಮಿಸ್‌-ಸಿ ಎನ್ನುತ್ತಾರೆ. ಬ್ರಿಟನ್ನಿನ ವೈದ್ಯರು 2020ರ ಏಪ್ರಿಲ್ ಕೊನೆಯಲ್ಲಿ ಮೊದಲ ಎಚ್ಚರಿಕೆ ಕೊಟ್ಟರು. ಆಮೇಲೆ ನಮ್ಮಲ್ಲೂ ಪ್ರತಿ ಅಲೆ ಇಳಿದ ಬೆನ್ನಿಗೆ ಕಂಡಿತು. ಇದರಲ್ಲಿ ಹೊಟ್ಟೆನೋವು, ವಾಂತಿ ಎಷ್ಟು ಜೋರಿರುತ್ತದೆಂದರೆ ಅಪೆಂಡಿಕ್ಸ್ ಎಂದು ಹೊಟ್ಟೆ ತೆರೆದು ನೋಡಿದರೆ ಅಪೆಂಡಿಕ್ಸ್ ಸಾಮಾನ್ಯವಾಗಿದ್ದು, ಕರುಳಿನ ಪಕ್ಕದ ಗ್ರಂಥಿಗಳು ಊದಿ, ಸ್ವಲ್ಪ ನೀರು ಮಾತ್ರ ಕಂಡ ಉದಾಹರಣೆಗಳಿವೆ. ಹೃದಯ ಸೋತಿರುವ ಮಗುವಿಗೆ ಅನಗತ್ಯ ಅರಿವಳಿಕೆ ಕೊಟ್ಟಂತಾಗುತ್ತದೆ, ಅಪಾಯ ಅಲ್ಲಿದೆ.

ಬೇರ್ಪಡಿಸುವುದು ಹೇಗೆ? ಜ್ವರ ಮೂರು ದಿನ ಮೀರಿ 39 ಡಿಗ್ರಿ ಆಸುಪಾಸು ಇರುತ್ತದೆ. ಕಣ್ಣು ಪಿಸುರಿಲ್ಲದೆ ಕೆಂಪು. ಮೈಮೇಲೆ ದದ್ದು, ತುಟಿ ನಾಲಗೆ ಕೆಂಪು, ಅಂಗೈ ಊತ. ನೋವು ಒಂದೇ ಕಡೆ ನಿಲ್ಲದೆ ಹೊಟ್ಟೆಯೆಲ್ಲ ಹರಡಿರುತ್ತದೆ. ರಕ್ತದಲ್ಲಿ ಉರಿಯೂತವನ್ನು ತೋರಿಸುವ ಸಿಆರ್‌ಪಿ ಬಹಳ ಏರಿ, ಲಿಂಫೋಸೈಟ್ ಎಂಬ ಬಿಳಿಕಣ, ಪ್ಲೇಟ್‌ಲೆಟ್ ಇಳಿದಿದ್ದರೆ ಅನುಮಾನ ಗಟ್ಟಿ; ಬರೀ ಅಪೆಂಡಿಕ್ಸಿನಲ್ಲಿ ಪ್ಲೇಟ್‌ಲೆಟ್ ಹೀಗೆ ಬೀಳುವುದು ಅಪರೂಪ. ಅಂಥ ಮಗುವಿಗೆ ಚಾಕುವಿನ ಮೊದಲು ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್ ಬೇಕು. ಚಿಕಿತ್ಸೆ ಇಮ್ಯುನೊಗ್ಲಾಬ್ಯುಲಿನ್, ಕಿಲೋಗೆ 2 ಗ್ರಾಂ, ಜೊತೆಗೆ ಸ್ಟೀರಾಯ್ಡ್. ಆದರೆ ಇದರ ಉಲ್ಟಾ ತಪ್ಪೂ ನಡೆಯಿತು: ಮಹಾಮಾರಿಯ ಗುಂಗಿನಲ್ಲಿ ಸಿಆರ್‌ಪಿ ಏರಿದ ಪ್ರತಿ ಹೊಟ್ಟೆನೋವನ್ನೂ ಮಿಸ್‌-ಸಿ ಎಂದು ಸ್ಟೀರಾಯ್ಡ್ ಹಾಕಿದರೆ ಒಡೆದ ಅಪೆಂಡಿಕ್ಸ್ ಎರಡು ದಿನ ಮುಚ್ಚಿಹೋಗುತ್ತದೆ. ಸ್ಟೀರಾಯ್ಡ್ ಹಾಕುವ ಮೊದಲು ಹೊಟ್ಟೆಯ ಸ್ಕ್ಯಾನಿಂಗ್ ಆಗಲೇಬೇಕು, ಸರ್ಜನ್ನರ ಕೈ ಹೊಟ್ಟೆಯ ಮೇಲೆ ಬೀಳಲೇಬೇಕು.

ನಮ್ಮ ಕಡೆ ಇನ್ನೊಂದು ನಕಲಿ ಟೈಫಾಯ್ಡ್. ಎರಡು ಮೂರು ವಾರ ಜ್ವರದಲ್ಲಿದ್ದ ಮಗುವಿನ ಹೊಟ್ಟೆ ಒಂದು ದಿನ ಏಕಾಏಕಿ ಉಬ್ಬಿ ಹಲಗೆಯಂತಾದರೆ ಸಣ್ಣ ಕರುಳಿನ ಕೊನೆಯ ಭಾಗ ತೂತಾಗಿದೆ. ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ವಪೆಯ (ಎದೆ, ಹೊಟ್ಟೆಗಳ ನಡುವಿನ ಪರದೆ) ಕೆಳಗೆ ಗಾಳಿ ಕಂಡರೆ ಟೈಫಾಯ್ಡಿನ ವಿಡಾಲ್ ರಿಪೋರ್ಟ್‌ಗೂ ಕೋವಿಡ್ ರಿಪೋರ್ಟ್‌ಗೂ ಕಾಯಬೇಕಿಲ್ಲ. ಸಲೈನ್, ಆಂಟಿಬಯಾಟಿಕ್ ಕೊಟ್ಟು ಕೆಲವೇ ಗಂಟೆಗಳಲ್ಲಿ ಟೇಬಲ್ ಮೇಲೆ.

ಒಂದು ದಿನವೂ ಕಾಯಲಾಗದ್ದು ಕೀಲಿನ ಕೀವು

ಅಪೆಂಡಿಕ್ಸಿಗೆ ಔಷಧದ ದಾರಿಯಾದರೂ ಇದೆ. ಸೊಂಟದ ಕೀಲಿನಲ್ಲಿ ಕೀವಾದರೆ ಆ ದಾರಿಯೂ ಇಲ್ಲ. ಕೀವಿನಲ್ಲಿರುವ ಕಿಣ್ವಗಳು ಮೃದ್ವಸ್ಥಿಯನ್ನು ಗಂಟೆಗಳ ಲೆಕ್ಕದಲ್ಲಿ ಕರಗಿಸುತ್ತವೆ. ಒಳಗೆ ಒತ್ತಡ ಏರಿ ತೊಡೆಮೂಳೆಯ ತಲೆಗೆ ಹೋಗುವ ರಕ್ತ ನಿಲ್ಲುತ್ತದೆ. ನಾಲ್ಕು ದಿನ ಮೀರಿ ಬಂದ ಮಕ್ಕಳಲ್ಲಿ ಕೀಲು ಹಾಳಾಗಿ ಕಾಲು ಗಿಡ್ಡವಾಗಿ ಜೀವನಪರ್ಯಂತ ಕುಂಟುವ ಸಂಭವ ಹೆಚ್ಚು. ಲಾಕ್‌ಡೌನ್‌ನಲ್ಲಿ ಇಂಥ ಮಕ್ಕಳನ್ನು ಕೆಡಿಸಿದ್ದು ‘ಬಿದ್ದಿರಬೇಕು, ಉಳುಕಿರಬೇಕು’ ಎಂಬ ಊಹೆ, ಎಣ್ಣೆ ತಿಕ್ಕಿ ಎಳೆದದ್ದು.

ಗುರುತು ನಾಲ್ಕು: 38.5 ಡಿಗ್ರಿ ಮೀರಿದ ಜ್ವರ, ಕಾಲೂರದಿರುವುದು, ಉರಿಯೂತ ತೋರಿಸುವ ಇನ್ನೊಂದು ರಕ್ತಪರೀಕ್ಷೆ ಇಎಸ್‌ಆರ್ 40 ದಾಟಿರುವುದು, ಬಿಳಿಕಣ 12 ಸಾವಿರ ದಾಟಿರುವುದು. ಐದನೆಯದಾಗಿ ಸಿಆರ್‌ಪಿ ಲೀಟರಿಗೆ 20 ಮಿಲಿಗ್ರಾಂ ಮೀರಿರುವುದನ್ನು ಸೇರಿಸುತ್ತಾರೆ. ಮೂರು ನಾಲ್ಕು ಕೂಡಿದರೆ ಕೀಲಿನಲ್ಲಿ ಕೀವೆಂದೇ ಹಿಡಿದು ನಡೆಯಬೇಕು. ಎಳೆಕೂಸಿಗೆ ಜ್ವರವೇ ಇರದಿರಬಹುದು. ಒಂದು ಕಾಲನ್ನು ಅಲ್ಲಾಡಿಸದೆ ಮಡಚಿಕೊಂಡು, ಲಂಗೋಟಿ ಬದಲಿಸುವಾಗ ಮಾತ್ರ ಚೀರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಕೀಲಿನೊಳಗೆ ದ್ರವ ಕಂಡರೆ ಸೂಜಿ ಹಾಕಿ ತೆಗೆದು ನೋಡುವುದು. ಕೀವಾದರೆ ಸೊಂಟದ ಕೀಲನ್ನು ಮುಂಭಾಗದಿಂದ ತೆರೆದು ತೊಳೆಯುವುದು. ಕೀಲನ್ನು ತೆರೆಯುವ ಮೊದಲು, ಯಾವ ರೋಗಾಣು ಎಂದು ಬೆಳೆಸಿ ನೋಡುವ ಕಲ್ಚರಿಗೆ ರಕ್ತ ತೆಗೆದಿರಬೇಕು. ತೊಳೆದ ಮೇಲೆ ಮಗು ಚೇತರಿಸಿ ಸಿಆರ್‌ಪಿ ಇಳಿಯತೊಡಗಿದರೆ ಮೂರು ನಾಲ್ಕು ದಿನಕ್ಕೇ ಬಾಯಿಯ ಔಷಧಕ್ಕೆ ಬದಲಿಸಬಹುದು, ಒಟ್ಟು 2ರಿಂದ 3 ವಾರ; ಮೂಳೆಗೂ ನಂಜು ತಗಲಿದ್ದರೆ 3ರಿಂದ 4. ಹಿಂದೆ ಆರು ವಾರ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತಿದ್ದ ರೂಢಿಗೆ ಪುರಾವೆ ಇರಲಿಲ್ಲ. ವಾರ್ಡಿನಲ್ಲೇ ಸೋಂಕು ಹರಡುವ ಕಾಲದಲ್ಲಿ ಬೇಗ ಮನೆಗೆ ಕಳಿಸುವುದು ಮಗುವಿಗೂ ಒಳ್ಳೆಯದು.

ಎದೆಯ ಕೀವು

ನ್ಯುಮೋನಿಯಾ ಆದ ಮಗುವಿನ ಎದೆಗೂಡಿನಲ್ಲಿ ಮೊದಲು ತೆಳು ನೀರು ಸೇರುತ್ತದೆ, ಕೆಲವು ದಿನಕ್ಕೆ ಅದು ಜೇಡರ ಬಲೆಯಂಥ ಎಳೆಗಳಿಂದ ಕೋಣೆಕೋಣೆಯಾದ ಕೀವಾಗುತ್ತದೆ, ಎರಡು ಮೂರು ವಾರ ಮೀರಿದರೆ ಶ್ವಾಸಕೋಶದ ಮೇಲೆ ದಪ್ಪ ಸಿಪ್ಪೆ ಕಟ್ಟುತ್ತದೆ. ಎರಡನೇ ಹಂತದಲ್ಲಿ ಸಣ್ಣ ಕೊಳವೆ ಇಟ್ಟು ಆ ಎಳೆಗಳನ್ನು ಕರಗಿಸುವ ಯುರೊಕೈನೇಸ್ ಔಷಧ ಹಾಕಿದರೆ ಬಹಳ ಮಕ್ಕಳಿಗೆ ಸಾಕಾಗುತ್ತದೆ. ವರ್ಷ ಮೀರಿದ ಮಗುವಿಗೆ 40 ಸಾವಿರ ಯೂನಿಟ್ 40 ಮಿಲಿ ಸಲೈನ್‌ನಲ್ಲಿ, ನಾಲ್ಕು ಗಂಟೆ ಮುಚ್ಚಿ ಬಿಟ್ಟು, ದಿನಕ್ಕೆ ಎರಡು ಸಲ, ಮೂರು ದಿನ. ಮೂರನೇ ಹಂತಕ್ಕೆ ಬಂದರೆ ಎದೆ ತೆರೆದು ಸಿಪ್ಪೆ ಬಿಡಿಸಬೇಕಾಗಬಹುದು. ಕೋವಿಡ್ ಕಾಲದಲ್ಲಿ ಬಿಳಿಯಾದ ಎಕ್ಸ್‌ರೇ ಎಲ್ಲವೂ ಕೋವಿಡ್ ಆಗಿಬಿಟ್ಟಿತ್ತು. ವೈರಸ್ಸಿನದು ಸಾಮಾನ್ಯವಾಗಿ ಎರಡೂ ಕಡೆ ಮೋಡ ಮೋಡವಾಗಿ ಕಾಣುತ್ತದೆ. ಒಂದೇ ಕಡೆ ಪೂರ್ತಿ ಬಿಳಿಯಾಗಿದ್ದರೆ ಎದೆಯ ಸ್ಕ್ಯಾನಿಂಗ್ ಕೇಳಿ, ಕೀವೋ ಕ್ಷಯವೋ ಎಂದು ನೋಡಬೇಕು.

ಕ್ಷಯದ ಮಾತು ಬಂತು. ದೇಶದಲ್ಲಿ 2019ರಲ್ಲಿ 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರೆ 2020ರಲ್ಲಿ 18 ಲಕ್ಷ. ರೋಗ ಕಡಿಮೆಯಾಗಿರಲಿಲ್ಲ, ಪತ್ತೆ ಕಡಿಮೆಯಾಗಿತ್ತು. ಪತ್ತೆಯಾಗದ ದೊಡ್ಡವರ ಜೊತೆ ಮನೆಯಲ್ಲಿ ಬಂದಿಯಾದ ಮಕ್ಕಳಿಗೆ ಅದು ಕುತ್ತಿಗೆಯ ಗಡ್ಡೆಯಾಗಿ ಬರಬಹುದು. ಬಿಸಿಯಿಲ್ಲದ, ಕೆಂಪಾಗದ, ವಾರಗಟ್ಟಲೆ ಇರುವ ಮೆತ್ತನೆಯ ಗಡ್ಡೆಯನ್ನು ಕುರುವಿನಂತೆ ಕೊಯ್ದರೆ ಗಾಯ ತಿಂಗಳುಗಟ್ಟಲೆ ಸೋರುತ್ತದೆ. ಪಕ್ಕದ ಆರೋಗ್ಯವಂತ ಚರ್ಮದಿಂದ ಓರೆಯಾಗಿ ಸೂಜಿ ಹಾಕಿ ತೆಗೆದು ಕ್ಷಯ ಪತ್ತೆಯ ಸಿಬಿನ್ಯಾಟ್ ಪರೀಕ್ಷೆಗೆ ಕಳಿಸಬೇಕು.

ಶಿಕ್ಷಕರಾದ ನಿಮಗೆ ಇದೂ ಗೊತ್ತಿರಲಿ. ಶಾಲೆ ಮುಚ್ಚಿದ್ದಾಗ ಉಸಿರಿನಿಂದ ಹರಡುವ ಸೋಂಕುಗಳು ಇಳಿದವು. ಅವುಗಳ ಬಾಲ ಹಿಡಿದು ಬರುವ ಕಿವಿ ಹಿಂಭಾಗದ ಮೂಳೆಯ ಕೀವು, ಎದೆಯ ಕೀವು ಕೂಡ ಎಷ್ಟೋ ದೇಶಗಳಲ್ಲಿ ಕಡಿಮೆಯಾದವು. ನಿರ್ಬಂಧ ತೆಗೆದ ಮೇಲೆ ಅವು ಬಡ್ಡಿ ಸಮೇತ ಮರಳಿದವು. 2022ರ ಡಿಸೆಂಬರ್‌ನಲ್ಲಿ ಬ್ರಿಟನ್, ಫ್ರಾನ್ಸ್, ಐರ್ಲೆಂಡ್, ನೆದರ್ಲೆಂಡ್ಸ್, ಸ್ವೀಡನ್ ದೇಶಗಳಲ್ಲಿ ಚಿಕ್ಕ ಮಕ್ಕಳಲ್ಲಿ ತೀವ್ರ ಸ್ಟ್ರೆಪ್ಟೊಕಾಕಸ್ ಸೋಂಕು ಏರಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ಅಂದರೆ ಶಾಲೆ ತೆರೆದ ನಂತರದ ಒಂದೆರಡು ಋತು ಹೆಚ್ಚು ಎಚ್ಚರ ಬೇಕಾದ ಕಾಲ. ಲಾಕ್‌ಡೌನ್‌ನಲ್ಲಿ ತಪ್ಪಿದ ಲಸಿಕೆಗಳನ್ನು ಆಗಲೇ ಹಾಕಿಸಿ ಮುಗಿಸಬೇಕು. ಪೆಂಟಾವಲೆಂಟ್ ಮತ್ತು ನ್ಯುಮೊಕಾಕಲ್ ಲಸಿಕೆ ಇದೇ ಎದೆಯ ಕೀವಿನ ವಿರುದ್ಧದ ಕೆಲಸವನ್ನೂ ಮಾಡುತ್ತವೆ.

ಓಟಿಯೊಳಗೆ ಏನು ಬದಲಾಗುತ್ತದೆ

ವಯಸ್ಕರ ಅಂಕಿಗಳು ಎಲ್ಲರನ್ನೂ ಹೆದರಿಸಿದ್ದವು. ಆಪರೇಷನ್ ಹೊತ್ತಿಗೆ ಕೋವಿಡ್ ಇದ್ದವರಲ್ಲಿ 30 ದಿನದೊಳಗೆ ಶೇಕಡಾ 23.8 ಸಾವು ಎಂದು 2020ರ ಮೇನಲ್ಲಿ ಹೊರಬಂದ ಅಂತರರಾಷ್ಟ್ರೀಯ ಅಧ್ಯಯನ ಹೇಳಿತು. ಆ ರೋಗಿಗಳು ಬಹುತೇಕ ದೊಡ್ಡವರು. ಸೋಂಕಿನ ನಂತರ 7 ವಾರ ಕಾಯಿರಿ ಎಂಬ ಮಾತೂ ಮುಂದೂಡಬಹುದಾದ ಆಪರೇಷನ್‌ಗಳಿಗೆ ಹೇಳಿದ್ದು. ಇಳಿಯದ ವೃಷಣ, ಸಾಮಾನ್ಯ ಹರ್ನಿಯಾ ಕಾಯಬಹುದು. ಕೀವು ಕಾಯುವುದಿಲ್ಲ. ಪಾಸಿಟಿವ್ ಬಂದ ಮಗುವಿಗೂ ಆಪರೇಷನ್ ಮಾಡಬಹುದು, ಮಾಡುವ ರೀತಿ ಬೇರೆ, ಅಷ್ಟೇ.

ಉಸಿರುನಳಿಗೆಗೆ ಟ್ಯೂಬ್ ಹಾಕುವಾಗ ಮತ್ತು ತೆಗೆಯುವಾಗ ಕಣಗಳು ಹೆಚ್ಚು ಹಾರುತ್ತವೆ. ಆ ಹೊತ್ತಿಗೆ ಒಳಗೆ ಬೇಕಾದವರು ಮಾತ್ರ, ಎನ್‌95 ಹಾಕಿ. ಮಗುವಿಗೆ ಸುತ್ತ ಗಾಳಿ ತುಂಬುವ ಪಟ್ಟಿ (ಕಫ್) ಇರುವ ಟ್ಯೂಬ್, ಟ್ಯೂಬಿಗೂ ಯಂತ್ರದ ನಳಿಗೆಗೂ ನಡುವೆ ವೈರಸ್ ಸೋಸುವ ಫಿಲ್ಟರ್. ಅಳುವ ಮಗು ಎಲ್ಲರಿಗಿಂತ ಹೆಚ್ಚು ಕಣ ಎರಚುತ್ತದೆ, ಆದ್ದರಿಂದ ಬಾಯಿಗೆ ಮಿಡಜೋಲಾಮ್ ಕಿಲೋಗೆ 0.5 ಮಿಲಿಗ್ರಾಂ ಕೊಟ್ಟು ಶಾಂತವಾದ ಮೇಲೆ ಒಳಗೆ ಒಯ್ಯುವುದು ಮೇಲು. ಕೋಣೆಯ ಗಾಳಿ ಗಂಟೆಗೆ 20 ಸಲ ಬದಲಾದರೆ ಶೇಕಡಾ 99 ಕಣ ಹೋಗಲು 14 ನಿಮಿಷ ಸಾಕು. 6 ಸಲವಾದರೆ 46 ನಿಮಿಷ ಬೇಕು. ಸ್ಪ್ಲಿಟ್ ಎಸಿ ಮಾತ್ರ ಇರುವ ಸಣ್ಣ ಓಟಿಗಳಲ್ಲಿ ಅದೇ ಗಾಳಿ ಸುತ್ತುತ್ತಿರುತ್ತದೆ. ಒಂದು ಕೇಸಿನ ನಂತರ ಇನ್ನೊಂದಕ್ಕೆ ಇಷ್ಟು ತಡವೇಕೆ ಎಂದು ಹೊರಗೆ ಕೂತವರು ಸಿಟ್ಟಾಗುವುದು ಇದೇ ಹೊತ್ತಿನಲ್ಲಿ, ಇದು ನೆಪವಲ್ಲ. ದುರ್ಬೀನು ಆಪರೇಷನ್‌ನಿಂದ ವೈರಸ್ ಹರಡುತ್ತದೆ ಎಂಬ ಭಯಕ್ಕೆ ಮುಂದೆ ಗಟ್ಟಿ ಆಧಾರ ಸಿಗಲಿಲ್ಲ. ಹೊಟ್ಟೆಗೆ ತುಂಬುವ ಅನಿಲದ ಒತ್ತಡವನ್ನು 8ರಿಂದ 10 ಮಿಲಿಮೀಟರ್ ಪಾದರಸದಲ್ಲಿಟ್ಟು, ಆ ಅನಿಲವನ್ನು ಫಿಲ್ಟರ್ ಮೂಲಕವೋ, ಅದಿಲ್ಲದ ಕಡೆ ಹೈಪೊಕ್ಲೋರೈಟ್ ನೀರಿನ ಬಾಟಲಿಯ ಮೂಲಕವೋ ಹೊರಬಿಟ್ಟರೆ ಮುಗಿಯಿತು.

ಹೊರಡುವಾಗ

ಘನ ಆಹಾರ ನಿಲ್ಲಿಸಿ; ಅರಿವಳಿಕೆಗೆ 6 ಗಂಟೆ ಅಂತರ ಬೇಕು. ಎದೆಹಾಲಿಗೆ 4 ಗಂಟೆ. ನೀರನ್ನು ಗುಟುಕು ಗುಟುಕಾಗಿ 2 ಗಂಟೆ ಮೊದಲಿನವರೆಗೂ ಕೊಡಬಹುದು. ಬೇಸಿಗೆಯಲ್ಲಿ ಒಣಗಿಸಿ ಕರೆತರಬೇಡಿ. ಕೊನೆಯ ಸಲ ತಿಂದ ಹೊತ್ತು, ನೋವು ಶುರುವಾದ ಹೊತ್ತು, ಕೊಟ್ಟ ಔಷಧ ಒಂದು ಚೀಟಿಯಲ್ಲಿರಲಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಸಾಗಿಸಲು 108. ಗೇಟಿನಲ್ಲಿ ‘ಹೊಟ್ಟಿ ಬ್ಯಾನಿ’ ಎಂದಷ್ಟೇ ಹೇಳಿದರೆ ಸಾಲು ಹಿಂದಕ್ಕೆ ಹೋಗುತ್ತದೆ. ‘30 ಗಂಟೆಯಿಂದ ನೋವು, ಬಲಗಡೆ ಇಳಿದಿದೆ, ಜಿಗಿಯಲು ಆಗುತ್ತಿಲ್ಲ, ಸರ್ಜನ್ ನೋಡಬೇಕು’ ಎಂದು ಹೇಳಿ. ಟೆಸ್ಟ್ ಮಾಡಲಿ, ಬೇಡ ಎನ್ನಬೇಡಿ. ಬೇಗ ಫಲಿತಾಂಶ ಕೊಡುವ ಟ್ರೂನ್ಯಾಟ್ ಯಂತ್ರ ಇದ್ದರೆ ಸುಮಾರು ಒಂದು ಗಂಟೆಗೆ ಉತ್ತರ ಬರುತ್ತದೆ, ಆ ಗಂಟೆಯಲ್ಲಿ ಸಲೈನ್, ಆಂಟಿಬಯಾಟಿಕ್, ಸ್ಕ್ಯಾನಿಂಗ್ ನಡೆಯಲಿ ಎಂದು ಕೇಳಿ. 5 ವರ್ಷ ಮೀರಿದ ಮಗುವಿನ ಅಪೆಂಡಿಕ್ಸನ್ನು ಜಿಲ್ಲಾ ಮಟ್ಟದ ಜನರಲ್ ಸರ್ಜನ್ ಮಾಡಬಲ್ಲರು. ಮಕ್ಕಳ ಸರ್ಜನ್ನೇ ಬೇಕೆಂದು ಊರೂರು ಅಲೆಯಬೇಕಾದದ್ದು ಎಳೆಕೂಸಿಗೆ, ತೀರ ಚಿಕ್ಕವರಿಗೆ.

ಮನೆಗೆ ಬಂದ ಮೇಲಿನ ಡ್ರೆಸ್ಸಿಂಗ್‌ಗೆ ಪ್ರತಿ ಸಲ ಕಲಬುರಗಿಗೆ ಹೋಗಬೇಕಿಲ್ಲ. ಕರಗುವ ಹೊಲಿಗೆ ಹಾಕಿದ್ದಾರೆಯೇ ಎಂದು ಡಿಸ್ಚಾರ್ಜ್ ಹೊತ್ತಿಗೆ ಕೇಳಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಗಾಯ ನೋಡಬಲ್ಲರು, ಫೋಟೊ ಸರ್ಜನ್ನರಿಗೆ ಕಳಿಸಬಹುದು, ಸರ್ಕಾರದ ಆನ್‌ಲೈನ್ ವೈದ್ಯ ಸಲಹಾ ಸೇವೆ ಇ-ಸಂಜೀವಿನಿಯಲ್ಲಿ ಮಾತಾಡಬಹುದು. ಗಾಯ ಫೋಟೊದಲ್ಲಿ ಕಾಣುತ್ತದೆ, ಹೊಟ್ಟೆಯೊಳಗಿನದು ಕಾಣುವುದಿಲ್ಲ. ಅಪೆಂಡಿಕ್ಸ್ ಒಡೆದಿದ್ದ ಮಗುವಿಗೆ ಆಪರೇಷನ್ ಆದ 5ರಿಂದ 10 ದಿನದ ನಡುವೆ ಮತ್ತೆ ಜ್ವರ ಬಂದು, ಪದೇ ಪದೇ ಸ್ವಲ್ಪ ಸ್ವಲ್ಪ ಸಿಂಬಳದಂಥ ಭೇದಿಯಾದರೆ ಕಿಬ್ಬೊಟ್ಟೆಯ ತಳದಲ್ಲಿ ಕೀವು ಕೂತಿರಬಹುದು. ಆಗ ಭೇದಿ ನಿಲ್ಲಿಸುವ ಔಷಧ ಕೊಡದೆ, ಅದೇ ದಿನ ಸ್ಕ್ಯಾನಿಂಗ್ ಮಾಡಿಸಿ.